ಪಕ್ಕದಲ್ಲಿ ಕೂತವರ ಹಕ್ಕು

ಹತ್ತನೇ ತರಗತಿಯ ಮಕ್ಕಳಿಗೆ ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ಬೀಳ್ಕೊಡುಗೆ ನಡೆಯುತ್ತದೆ. ಇಪ್ಪತ್ತೋ ಇಪ್ಪತ್ತೈದೋ ವರ್ಷ ಕಳೆದ ಮೇಲೆ ಅದೇ ಮಕ್ಕಳು ನರೆಗೂದಲು ಹೊತ್ತು ಒಂದು ಭಾನುವಾರ ಅದೇ ಅಂಗಳದಲ್ಲಿ ಸೇರುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಈ ಎರಡನೆಯದಕ್ಕೆ 'ಗುರುವಂದನೆ' ಎಂಬ ಹೆಸರು ನಿಂತುಬಿಟ್ಟಿದೆ. ವಾಟ್ಸಾಪ್ ಗುಂಪಿನಲ್ಲಿ ತಿಂಗಳುಗಟ್ಟಲೆ ಚರ್ಚೆ, ಚಂದಾ, ಶಾಮಿಯಾನ. ನಿವೃತ್ತ ಮೇಷ್ಟ್ರುಗಳಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಶಾಲೆಗೊಂದು ನೀರು ಶುದ್ಧೀಕರಿಸುವ ಯಂತ್ರ. ಮಧ್ಯಾಹ್ನ ಭರ್ಜರಿ ಊಟ. ಕೊನೆಗೆ ಗ್ರೂಪ್ ಫೋಟೊ. ಹದಿನಾರರ ಬೀಳ್ಕೊಡುಗೆಯಲ್ಲೂ ನಲವತ್ತರ ಗುರುವಂದನೆಯಲ್ಲೂ ಒಂದು ಮಾತು ಮಾತ್ರ ತಪ್ಪುವುದಿಲ್ಲ: ನಾವೆಲ್ಲ ಒಂದೇ ಮನೆಯ ಮಕ್ಕಳಂತೆ ಇದ್ದೆವು, ಜಾತಿ ಧರ್ಮ ಅಂದರೇನೆಂದೇ ನಮಗೆ ಗೊತ್ತಿರಲಿಲ್ಲ.

ಇದನ್ನು ಲೇವಡಿ ಮಾಡುವ ಮನಸ್ಸು ನಮಗಿಲ್ಲ. ವಯಸ್ಸಾದ ಗಣಿತದ ಮೇಷ್ಟ್ರೊಬ್ಬರು ಪೇಟ ಇಡಿಸಿಕೊಂಡು ಕಣ್ಣೊರೆಸಿಕೊಳ್ಳುವುದನ್ನು ನೋಡಿದವರು ಹಾಗೆ ಮಾಡಲಾರರು. ಆದರೆ 'ನಾವೆಲ್ಲ' ಎಂಬ ಆ ಪದದ ಹತ್ತಿರ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ನಾವೆಲ್ಲ ಎಂದರೆ ಎಷ್ಟು ಜನ? ಯಾವ ಪಟ್ಟಿಯ ಪ್ರಕಾರ?

ಶಾಲೆಯ ಬೀರುವಿನಲ್ಲಿ ಎರಡು ಪಟ್ಟಿಗಳಿರುತ್ತವೆ. ಒಂದು, ಎಂಟನೇ ತರಗತಿಯ ಜೂನ್ ತಿಂಗಳ ಹಾಜರಿ ಪುಸ್ತಕ. ಇನ್ನೊಂದು, ಎರಡು ವರ್ಷ ಒಂಬತ್ತು ತಿಂಗಳ ನಂತರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತವರ ಪಟ್ಟಿ. ನಮ್ಮ ಬ್ಯಾಚು ಎನ್ನುವಾಗ ನೆನಪು ಹಿಡಿಯುವುದು ಎರಡನೆಯದನ್ನು. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದವರು ವಾಟ್ಸಾಪ್ ಗುಂಪಿನಲ್ಲೂ ಇಲ್ಲ, ಫೋಟೊದಲ್ಲೂ ಇಲ್ಲ. ಅವರು ಸತ್ತಿಲ್ಲ. ಊರಲ್ಲೇ ಇದ್ದಾರೆ. ಗುರುವಂದನೆಯ ಶಾಮಿಯಾನ ಕಟ್ಟಿದವನು ಅವರಲ್ಲೊಬ್ಬನಾಗಿದ್ದರೂ ಆಶ್ಚರ್ಯವಿಲ್ಲ.

ಅವರು ಎಲ್ಲಿ ಹೋದರೆಂಬುದಕ್ಕೆ ಈ ನಾಲ್ಕು ತಾಲ್ಲೂಕುಗಳ ನೆಲವೇ ಉತ್ತರ ಹೇಳುತ್ತದೆ. ಕೆ.ಆರ್. ನಗರದ್ದು ಕಾವೇರಿಯ ನಾಲೆ, ಭತ್ತ; ಉಳಿದ ಕಡೆ ಬಹುಪಾಲು ಮಳೆ ನಂಬಿದ ಹೊಲ, ಅಲ್ಲಿ ಹೊಗೆಸೊಪ್ಪು. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಸಸಿ ನಾಟಿಯಾಗಿರುತ್ತದೆ. ಎಲೆ ಬಲಿತು ಮುರಿಯುವ ಕಾಲ ಜುಲೈ, ಆಗಸ್ಟ್, ಸೆಪ್ಟೆಂಬರ್. ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಬೆಂಕಿ ಹೆಚ್ಚಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜು ಕಟ್ಟೆಯಲ್ಲಿ ದರ ಬೀಳುತ್ತದೆ. ಎಲೆ ಕಟ್ಟಲು ಸಣ್ಣ ಕೈಗಳು ಚುರುಕು ಎಂದು ಎಲ್ಲರಿಗೂ ಗೊತ್ತು. ಹಸಿ ಎಲೆಯ ಅಂಟು ಕೈಗೆ ಕಪ್ಪಾಗಿ ಹಿಡಿಯುತ್ತದೆ. ಇಬ್ಬನಿಯಲ್ಲಿ ನೆನೆದ ಎಲೆ ಮುಟ್ಟಿದವರಿಗೆ ತಲೆ ಸುತ್ತಿ ವಾಂತಿಯೂ ಆಗುತ್ತದೆ, ಅದು ನಿಕೋಟಿನ್ ಚರ್ಮದೊಳಗೆ ಇಳಿಯುವುದರಿಂದ. ಎಂಟನೆಯ ತರಗತಿಯ ಹುಡುಗ ಆಗಸ್ಟಿನಲ್ಲಿ ಹದಿನೈದು ದಿನ ಬರಲಿಲ್ಲವೆಂದರೆ ಮೇಷ್ಟ್ರು ಕಾರಣ ಕೇಳುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಮರುವರ್ಷ ಗೈರುಹಾಜರಿ ಒಂದು ತಿಂಗಳಾಗುತ್ತಿತ್ತು. ಆಮೇಲೆ ಹೆಸರಿನ ಮೇಲೆ ಕೆಂಪು ಗೆರೆ.

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಲ್ಲಿ ಬೇರೆ ಪಂಚಾಂಗ. ನಾಗರಹೊಳೆಯಿಂದ ಹೊರಬಂದ ಜೇನುಕುರುಬರ ಮನೆಗಳಿಗೆ ಹೊಲವಿಲ್ಲ, ಇದ್ದರೂ ಸಾಲದು. ಕೊಡಗಿನಲ್ಲಿ ಕಾಫಿ ಹಣ್ಣಾಗುವುದು ಡಿಸೆಂಬರಿನಿಂದ. ಜೀಪುಗಳು ಬೆಳಿಗ್ಗೆ ಬಂದು ಕೂಲಿಗೆ ಜನ ತುಂಬಿಕೊಂಡು ಹೋಗುತ್ತವೆ. ಕೆಲವರು ಸಂಸಾರ ಸಮೇತ ಎಸ್ಟೇಟಿನ ಲೈನುಮನೆಗೇ ಹೋಗಿಬಿಡುತ್ತಾರೆ. ಕೊಯ್ಲು ಮುಗಿಯುವಷ್ಟರಲ್ಲಿ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿರುತ್ತದೆ. ಆಶ್ರಮ ಶಾಲೆ ದಾಟಿ ಊರಿನ ಹೈಸ್ಕೂಲಿಗೆ ಬಂದ ಹಾಡಿಯ ಹುಡುಗಿಯೊಬ್ಬಳು ಹತ್ತರ ಫೋಟೊದಲ್ಲಿ ಕಾಣಿಸಿಕೊಂಡರೆ ಅದು ಸಣ್ಣ ಪವಾಡ.

ನಮ್ಮ ಮೊಹಲ್ಲಾಗಳ ಕಥೆಯನ್ನೂ ಹೇಳಬೇಕು. ಉರ್ದು ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೆ ಮುಗಿಯುವ ಊರುಗಳಲ್ಲಿ ಎಂಟಕ್ಕೆ ಕನ್ನಡ ಮಾಧ್ಯಮವೇ ಗತಿ. ಏಳು ವರ್ಷ ಕನ್ನಡವನ್ನು ಒಂದು ಪಾಠವಾಗಿ ಮಾತ್ರ ಓದಿದ ಮಗುವಿಗೆ ಜೂನ್ ತಿಂಗಳ ಒಂದು ಬೆಳಿಗ್ಗೆ ಗಣಿತ, ವಿಜ್ಞಾನ, ಸಮಾಜ ಎಲ್ಲವೂ ಕನ್ನಡವಾಗಿಬಿಡುತ್ತವೆ. ನಿನ್ನೆಯವರೆಗೆ ಮುಸಲ್ಲಸ್ ಆಗಿದ್ದದ್ದು ಇವತ್ತು ತ್ರಿಭುಜ. ತ್ರಿಭುಜ ಏನೆಂದು ಗೊತ್ತಿದೆ, ಹೆಸರು ಗೊತ್ತಿಲ್ಲ. ಉತ್ತರ ಬಾರದವನೆಂಬ ಹೆಸರು ಹೊತ್ತು ಹಿಂದಿನ ಬೆಂಚಿಗೆ ಸರಿದವನು ಅಲ್ಲಿಂದ ಗ್ಯಾರೇಜಿಗೋ ಗುಜರಿ ಅಂಗಡಿಗೋ ಸರಿಯುವುದು ಒಂದೇ ಹೆಜ್ಜೆ. ಹುಡುಗಿಯರ ವಿಷಯದಲ್ಲಿ ಹೈಸ್ಕೂಲು ದೂರ ಎಂಬ ಮಾತನ್ನು ನಾವೇ ಬಹಳ ವರ್ಷ ಆಡಿದೆವು. ಒಂದೂವರೆ ಮೈಲಿಯನ್ನು ದೂರ ಎನ್ನುತ್ತಿದ್ದವರು ಮದುವೆಗೆ ಚಾಮರಾಜನಗರದ ಸಂಬಂಧವನ್ನು ದೂರ ಎನ್ನಲಿಲ್ಲ. ಈಗ ಆ ಸ್ಥಿತಿ ಬಹಳಷ್ಟು ಬದಲಾಗಿದೆ, ಹುಡುಗಿಯರೇ ಮುಂದಿದ್ದಾರೆ. ಹಾಗೆಂದು ಆ ಕಾಲದಲ್ಲಿ ಉಳಿದುಹೋದವರು ಬದಲಾವಣೆಯ ಲೆಕ್ಕದಲ್ಲಿ ಕರಗಿಹೋಗಬಾರದು.

ಸರಿ, ಬಡತನ, ಭಾಷೆ, ಮನೆಯವರ ನಿರ್ಧಾರ. ಇದರಲ್ಲಿ ಸಹಪಾಠಿಯ ಪಾಲೇನು? ಅಕ್ಷರಮಾಲೆಯ ಕ್ರಮದಲ್ಲೋ ಎತ್ತರದ ಕ್ರಮದಲ್ಲೋ ಯಾರನ್ನೋ ನಮ್ಮ ಪಕ್ಕ ಕೂರಿಸಿದರು, ನಾವು ಆರಿಸಿಕೊಂಡದ್ದಲ್ಲ. ಆಕಸ್ಮಿಕವಾಗಿ ಪಕ್ಕ ಬಂದವರ ಬಗ್ಗೆ ಜೀವಮಾನದ ಹೊಣೆ ಹೇಗೆ ಹುಟ್ಟುತ್ತದೆ? ಈ ಪ್ರಶ್ನೆ ನ್ಯಾಯವಾದದ್ದೇ. ನಮಗೆ ಇಲ್ಲಿ ನೆರವಿಗೆ ಬರುವುದು ಕುರ್‌ಆನಿನ ನಾಲ್ಕನೆಯ ಅಧ್ಯಾಯ ಅನ್ನಿಸಾದ 36ನೇ ವಚನ. ಯಾರೊಂದಿಗೆ ಒಳಿತಾಗಿ ನಡೆದುಕೊಳ್ಳಬೇಕೆಂದು ಅಲ್ಲಿ ಒಂದು ಪಟ್ಟಿಯಿದೆ: ತಂದೆತಾಯಿ, ಬಂಧುಗಳು, ಅನಾಥರು, ಬಡವರು, ಹತ್ತಿರದ ನೆರೆಯವರು, ದೂರದ ನೆರೆಯವರು; ಆಮೇಲೆ ಪಕ್ಕದಲ್ಲಿರುವ ಜೊತೆಗಾರ, ದಾರಿಹೋಕ. ಈ 'ಪಕ್ಕದ ಜೊತೆಗಾರ' ಯಾರು ಎಂದು ವ್ಯಾಖ್ಯಾನಕಾರರು ಚರ್ಚಿಸಿದ್ದಾರೆ. ಪ್ರಯಾಣದ ಸಂಗಾತಿ ಎಂದರು ಕೆಲವರು, ಬಾಳಸಂಗಾತಿ ಎಂದರು ಕೆಲವರು. ಹನ್ನೆರಡನೇ ಶತಮಾನದ ಭಾಷಾಪಂಡಿತ ಝಮಖ್ಶರಿ ತಮ್ಮ 'ಅಲ್ ಕಶ್ಶಾಫ್' ವ್ಯಾಖ್ಯಾನದಲ್ಲಿ ಈ ಪದದ ವ್ಯಾಪ್ತಿಯನ್ನು ಹಿಗ್ಗಿಸುತ್ತಾರೆ. ವಿದ್ಯೆಯನ್ನೋ ಕಸುಬನ್ನೋ ಜೊತೆಗೆ ಕಲಿತವನು, ಒಂದು ಸಭೆಯಲ್ಲೋ ಮಸೀದಿಯಲ್ಲೋ ನಿನ್ನ ಪಕ್ಕ ಕೂತವನು ಕೂಡ ಇದರಲ್ಲಿ ಸೇರುತ್ತಾನೆ ಎಂಬುದು ಅವರ ಅಭಿಪ್ರಾಯ. ಅಂದರೆ ಬೆಂಚಿನ ಗೆಳೆಯ.

ಈ ಪಟ್ಟಿಯ ವಿಶೇಷ ಗಮನಿಸಬೇಕು. ಇದರಲ್ಲಿರುವ ಯಾರನ್ನೂ ನಾವು ಆರಿಸಿಕೊಂಡಿರುವುದಿಲ್ಲ. ತಂದೆತಾಯಿಯನ್ನು ಆರಿಸಿಕೊಳ್ಳುವವರುಂಟೆ? ನೆರೆಮನೆಯವರೂ ಬಂದು ಸೇರಿದವರೇ. ಆರಿಸಿಕೊಂಡ ಸ್ನೇಹಕ್ಕೆ ಆಜ್ಞೆ ಬೇಕಿಲ್ಲ, ಅದು ತಾನಾಗಿ ನಡೆಯುತ್ತದೆ. ಆಕಸ್ಮಿಕವಾಗಿ ಪಕ್ಕ ಬಂದವರಿಗೇ ಹಕ್ಕೆಂಬುದು ಬೇಕಾಗುವುದು. ಮತ್ತೆ ಆ ವಚನದಲ್ಲಿ ಜೊತೆಗಾರನ ಧರ್ಮ ಯಾವುದೆಂದು ಕೇಳಿಲ್ಲ.

ಇದು ಸರ್ಕಾರದ ಕೆಲಸ, ಹಳೆಯ ವಿದ್ಯಾರ್ಥಿಗಳ ಸಂಘದ್ದಲ್ಲ ಎಂದು ಕೆಲವರು ಹೇಳಬಹುದು. ಸರ್ಕಾರ ಸುಮ್ಮನೆ ಕೂತಿಲ್ಲವೆಂಬುದನ್ನು ಒಪ್ಪೋಣ. ಎಂಟನೆಯ ತರಗತಿಗೆ ಬಂದವರಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಬಿಸಿಯೂಟ 2007-08ರಲ್ಲಿ ಹೈಸ್ಕೂಲಿಗೂ ಬಂತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯಿದೆ ಜಾರಿಯಲ್ಲಿದೆ. ಆದರೆ ಆ ಹಕ್ಕು ಆರರಿಂದ ಹದಿನಾಲ್ಕು ವಯಸ್ಸಿನದು, ಎಂಟನೇ ತರಗತಿಯವರೆಗಿನದು. ಎಲೆ ಕಟ್ಟಲು ಕೈ ನಿಜವಾಗಿ ಪಳಗುವ ವಯಸ್ಸಿಗೆ ಸರಿಯಾಗಿ ಕಾನೂನು ಕೈ ಬಿಡುತ್ತದೆ! ಅದೂ ಅಲ್ಲದೆ, ಸರ್ಕಾರಕ್ಕೆ ಸಂಖ್ಯೆ ಗೊತ್ತು, ಮುಖ ಗೊತ್ತಿಲ್ಲ. ಮೂರನೇ ಬೆಂಚಿನ ಎಡತುದಿಯಲ್ಲಿ ಕೂರುತ್ತಿದ್ದವಳು ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕಾಗಿದ್ದಳೆಂದು ಯಾವ ಇಲಾಖೆಯ ಕಡತದಲ್ಲೂ ಬರೆದಿಲ್ಲ. ಅದು ಗೊತ್ತಿರುವುದು ಜೊತೆಗೆ ಓದಿದವರಿಗೆ ಮಾತ್ರ.

ಹಾಗೆ ಜೊತೆಗೆ ಓದುವ ಬೆಂಚು ಕೂಡ ತಾನಾಗಿ ಹುಟ್ಟಿದ್ದಲ್ಲ. ಕೆ.ಆರ್. ನಗರ ಯಾರ ಹೆಸರು ಹೊತ್ತಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿ 1972ರಲ್ಲಿ ಹಾವನೂರ ಆಯೋಗ ರಚಿಸಿದರು, 1975ರಲ್ಲಿ ಅದರ ವರದಿ ಬಂತು. ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಬೆಳೆದವು. ಗೌಡರ ಮಗ, ನಾಯಕರ ಹುಡುಗ, ಕೇರಿಯ ಹುಡುಗಿ, ಸಾಬರ ಹುಡುಗ, ಹಾಡಿಯ ಕೂಸು ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತದ್ದರ ಹಿಂದೆ ಇಷ್ಟೆಲ್ಲ ಇದೆ. ಜೊತೆಗೆ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು 1960ರ ದಶಕದ ಆರಂಭದಿಂದ ಇದ್ದಾರೆ, ಅವರ ಮಕ್ಕಳಿಗೆ ಅವರದೇ ಶಾಲೆಗಳಿವೆ. ಅರವತ್ತು ವರ್ಷ ದಾಟಿತು. ಅವರು ನಮಗೆ ವ್ಯಾಪಾರದಲ್ಲಿ ಗೊತ್ತು, ಹೆಸರಿನಲ್ಲಿ ಗೊತ್ತಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಒಂದು ಬೆಂಚು ಇರಲಿಲ್ಲ ಅಷ್ಟೆ.

ಬೆಂಚು ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಎನ್ನುವುದೂ ಸುಳ್ಳು. 2022ರ ಆರಂಭದಲ್ಲಿ ಉಡುಪಿ, ಕುಂದಾಪುರದ ಕಾಲೇಜುಗಳಲ್ಲಿ ಶಿರವಸ್ತ್ರ ಧರಿಸಿದ ಹುಡುಗಿಯರ ಎದುರು ಕೇಸರಿ ಶಾಲು ಹೊದ್ದು ನಿಂತವರು ಹೊರಗಿನವರಷ್ಟೇ ಅಲ್ಲ, ಅದೇ ಕಾಲೇಜುಗಳ ವಿದ್ಯಾರ್ಥಿಗಳೂ ಇದ್ದರು. ಫೆಬ್ರವರಿ 5ರಂದು ಸರ್ಕಾರದ ಆದೇಶ, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, 28ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಾಲಯದ ವಿಚಾರ ನ್ಯಾಯಾಲಯಕ್ಕಿರಲಿ. ಆ ವಸಂತದಲ್ಲಿ ಪರೀಕ್ಷೆಗೆ ಬಾರದೆ ಉಳಿದ ಹುಡುಗಿಯ ಪಕ್ಕ ಕೂರುತ್ತಿದ್ದವಳು ಖಾಲಿ ಜಾಗ ನೋಡಿ ಏನೆಂದುಕೊಂಡಳು? ಇಪ್ಪತ್ತೈದು ವರ್ಷದ ನಂತರ, 2047ರಲ್ಲಿ, ಆ ಬ್ಯಾಚಿನ ವೇದಿಕೆಯಲ್ಲೂ ಜಾತಿ ಧರ್ಮ ನಮಗೆ ಗೊತ್ತೇ ಇರಲಿಲ್ಲ ಎಂಬ ಮಾತು ಬರುತ್ತದೆಯೆ?

ಗೊತ್ತಿರಲಿಲ್ಲ ಎನ್ನುವ ಮಾತೇ ಒಂದು ರೀತಿಯಲ್ಲಿ ಅನುಕೂಲಸ್ಥರದು. ಅಡ್ಡಹೆಸರು ಇಟ್ಟವರು ಅದನ್ನು ತಮಾಷೆಯಾಗಿ ನೆನೆಯುತ್ತಾರೆ. ಹೊತ್ತವರು ಬೇರೆ ರೀತಿ ನೆನೆಯುತ್ತಾರೆ, ಅಥವಾ ಗುಂಪು ಬಿಟ್ಟುಹೋಗುತ್ತಾರೆ. ಹಜ್‌ಗೆ ಹೊರಟವರು ಮನೆಮನೆಗೆ ಹೋಗಿ 'ಕಹಾ ಸುನಾ ಮಾಫ್' ಎಂದು ಕೇಳಿಕೊಳ್ಳುವ ರೂಢಿ ನಮ್ಮ ದಖನಿ ಮನೆಗಳಲ್ಲಿದೆ. ಆಡಿದ್ದನ್ನೂ ಕೇಳಿದ್ದನ್ನೂ ಮನ್ನಿಸಿ ಎಂದರ್ಥ. ಹಕ್ಕುಲ್ ಇಬಾದ್, ಅಂದರೆ ಮನುಷ್ಯನಿಗೆ ಮನುಷ್ಯ ಕೊಡಬೇಕಾದ ಬಾಕಿಯನ್ನು ಆ ಮನುಷ್ಯನೇ ಮನ್ನಿಸಬೇಕು ಎಂಬ ತಿಳಿವಳಿಕೆ ಅದರ ಹಿಂದಿದೆ. ವೇದಿಕೆಯ ಮೇಲಿನ ಭಾಷಣ ಈ ಬಾಕಿಗೆ ಸಲ್ಲದು. ಅದಕ್ಕೆ ಮನೆ ಬಾಗಿಲಿಗೆ ಹೋಗಬೇಕು.

ಇನ್ನೊಂದು ಮಾತು, ಸ್ವಲ್ಪ ಕಹಿ. ಗುರುವಂದನೆಯಲ್ಲಿ ಸರ್ಕಾರಿ ಶಾಲೆಯನ್ನು ಹೊಗಳುವ ಬಹುತೇಕರ ಮಕ್ಕಳು ಈಗ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಹಳದಿ ವ್ಯಾನಿನಲ್ಲಿ ಹೋಗುತ್ತಾರೆ. ಮುಸ್ಲಿಂ ಆಡಳಿತದ ಶಾಲೆಗಳು ಬಂದಿವೆ, ಮಠಗಳ ಶಾಲೆಗಳಿವೆ. ಅವು ಬೇಡವೆಂದು ನಾವು ಹೇಳುತ್ತಿಲ್ಲ, ಅವುಗಳಿಂದ ಓದು ಮುಂದುವರಿದವರು ಬಹಳ. ಆದರೆ ನಮ್ಮವರೇ ತುಂಬಿದ ತರಗತಿಯಲ್ಲಿ ಮಗುವಿಗೆ ಅಂಕ ಸಿಗಬಹುದು, ಪಕ್ಕದ ಜೊತೆಗಾರ ಎಂಬ ಆ ಪದಕ್ಕೆ ಅರ್ಥ ಸಿಗುವುದು ಕಷ್ಟ. ಸರ್ಕಾರಿ ಹೈಸ್ಕೂಲಿನ ಬೆಂಚಿನಲ್ಲಿ ಬೇರೆ ದಾರಿಯಿಲ್ಲದವರ ಮಕ್ಕಳು ಮಾತ್ರ ಉಳಿದರೆ, ಅವರು ಬಿಟ್ಟುಹೋದಾಗ ಗಮನಿಸಲು ಯಾರಿರುತ್ತಾರೆ?

ಶಾಲೆ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರಲು ಇಂದಿಗೂ ಅವಕಾಶವಿದೆ. ಅರ್ಜಿ ತುಂಬುವುದೂ ಹೈಸ್ಕೂಲಿನ ಮೂಲಕವೇ. ನಲವತ್ತರಲ್ಲಿ ಪಾಸಾಗಿ ಏನು ಮಾಡಬೇಕು ಎನ್ನುವವರಿಗೆ ಬಿಸಿಯೂಟದ ಅಡುಗೆಯವರನ್ನೋ ಆಶಾ ಕಾರ್ಯಕರ್ತೆಯರನ್ನೋ ಕೇಳಿ ನೋಡಿ ಎನ್ನಬೇಕು. ಅವರಿಗೆ ಬೇಡವಾದರೆ ಅವರ ಮಕ್ಕಳಿದ್ದಾರೆ, ಈ ವರ್ಷ ಒಂಬತ್ತರಲ್ಲೋ ಹತ್ತರಲ್ಲೋ, ಆಗಸ್ಟಿನ ಹಾಜರಿ ಆಗಲೇ ಸಡಿಲವಾಗಿರುವವರು. ಮುಂದಿನ ಗುರುವಂದನೆಯ ಆಮಂತ್ರಣ ಅಚ್ಚಿಗೆ ಹೋಗುವ ಮೊದಲು ಯಾರಾದರೂ ಇಬ್ಬರು ಮುಖ್ಯೋಪಾಧ್ಯಾಯರನ್ನು ಕಂಡು, ತಮ್ಮ ಬ್ಯಾಚಿನ ಎಂಟನೇ ತರಗತಿಯ ಹಾಜರಿ ಪುಸ್ತಕ ಇನ್ನೂ ಉಳಿದಿದ್ದರೆ ಬೀರುವಿನಿಂದ ತೆಗೆಸಲಿ. ಧೂಳು ಹಿಡಿದಿರುತ್ತದೆ. ಜೂನ್ ತಿಂಗಳ ಪುಟದಲ್ಲಿ ಕೆಂಪು ಗೆರೆಗಳಿನ್ನೂ ಬಿದ್ದಿರುವುದಿಲ್ಲ.