ಕಣಜ ನಿವಾರಣ ಮೀಮಾಂಸೆ

ಶಾಸ್ತ್ರಕಾರರ ಕ್ರಮದಲ್ಲಿ ಮೊದಲು ವಿಷಯ, ಆಮೇಲೆ ಸಂಶಯ, ಅದರ ಬೆನ್ನಿಗೆ ಪೂರ್ವಪಕ್ಷ, ಕೊನೆಗೆ ಸಿದ್ಧಾಂತ. ನಮ್ಮ ವಿಷಯ ಸಣ್ಣದು. ಮಲೆನಾಡಿನ ಒಂದು ಅಂಗಳ, ಅದರಂಚಿನ ನೆಲದಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಈಗಷ್ಟೇ ಅದರೊಳಗೆ ಹೋದ ಒಂದು ಕಣಜ. ಕಡಜ ಎನ್ನುವವರಿದ್ದಾರೆ, ಕಡಂದುರು ಎನ್ನುವವರೂ ಇದ್ದಾರೆ. ಭತ್ತ ತುಂಬುವ ಕಣಜಕ್ಕೂ ಈ ಹುಳಕ್ಕೂ ಒಂದೇ ಹೆಸರು ಯಾಕೆ ಬಂತೆಂಬುದು ಬೇರೆ ಅಧಿಕರಣ, ಇಲ್ಲಿ ಬೇಡ.

ಸಂಶಯ: ಇದನ್ನು ತೆಗೆಸಬೇಕೋ, ಬಿಡಬೇಕೋ?

ಪಕ್ಕದ ಮನೆಯವರಿಗೆ ಸಂಶಯವೇ ಇಲ್ಲ. "ಎಂತ ನೋಡ್ತಾ ಕೂತಿದ್ದೀರಿ ಮಾರಾಯ್ರೆ? ಒಂದು ಚೊಂಬು ಪೆಟ್ರೋಲು ಹೊಯ್ದು ಕಡ್ಡಿ ಗೀರಿ, ಮುಗೀತು." ಇದಕ್ಕಿಂತ ಗಟ್ಟಿಯಾದ ಪೂರ್ವಪಕ್ಷ ಸಿಗುವುದು ಕಷ್ಟ. ಉತ್ತರ ಹೇಳುವ ಮೊದಲು ತೂತು ಯಾರದೆಂದು ತಿಳಿಯಬೇಕು. ಒಂಟಿ ಕಣಜದ್ದಾದರೆ ಬಿಡಬೇಕು. ದೊಡ್ಡ ಸಂಸಾರದ್ದಾಗಿ, ಜನ ಓಡಾಡುವ ಜಾಗದಲ್ಲಿದ್ದರೆ ತೆಗೆಸಲೇಬೇಕು. ನನ್ನ ಸಿದ್ಧಾಂತ ಇಷ್ಟೇ. ಉಳಿದದ್ದು ಅದರ ಸಮರ್ಥನೆ.

ಪ್ರಮಾಣಗಳಲ್ಲಿ ಇಲ್ಲಿ ನಡೆಯುವುದು ಪ್ರತ್ಯಕ್ಷ ಒಂದೇ. ಬಿಸಿಲೇರಿದ ಮೇಲೆ ಹತ್ತು ಹದಿನೈದು ಹೆಜ್ಜೆ ದೂರದಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಬೇಕು. ಒಂಟಿಯದಾದರೆ ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಉದ್ದ ಕಾಲಿನ, ಸಪೂರ ಸೊಂಟದ ಒಂದು ಹೆಣ್ಣು ತನಗಿಂತ ಭಾರದ ಮಿಡತೆಯನ್ನೋ ಚಿಮ್ಮಂಡೆಯನ್ನೋ ಮೀಸೆ ಹಿಡಿದು ಎಳೆಯುತ್ತಾ ಬರುತ್ತದೆ. ಬೇಟೆ ಸತ್ತಿಲ್ಲ, ಕುಟುಕಿನಿಂದ ಮರಗಟ್ಟಿದೆ. ಅದನ್ನು ಬಾಗಿಲಲ್ಲಿ ಬಿಟ್ಟು ತಾನು ಒಳಗಿಳಿದು ನೋಡಿ ಬಂದು, ಆಮೇಲೆ ಒಳಕ್ಕೆಳೆದುಕೊಳ್ಳುತ್ತದೆ. ಫ್ರಾನ್ಸಿನ ಫಾಬ್ರ್ ಎಂಬ ಕೀಟಪ್ರೇಮಿ, ಕಣಜ ಒಳಗಿದ್ದಾಗ ಬೇಟೆಯನ್ನು ಸ್ವಲ್ಪ ಆಚೆ ಸರಿಸಿಟ್ಟು ನೋಡಿದ. ಅದು ಬಂದು, ಬೇಟೆಯನ್ನು ಮತ್ತೆ ಬಾಗಿಲಿಗೆ ತಂದು, ಮತ್ತೆ ಒಳಗೆ ಪರೀಕ್ಷೆಗೆ ಹೋಯಿತು. ಆತ ಸರಿಸಿದ, ಅದು ಹೋಯಿತು. ನಲವತ್ತು ಸಲ ಹೀಗೇ ನಡೆಯಿತಂತೆ. ಕಚೇರಿಗಳಲ್ಲಿ ಕಡತ ಹಿಡಿದು ಅಲೆದವರಿಗೆ ಇದು ಹೊಸದೇನಲ್ಲ. ಕೊನೆಗೆ ಮೊಟ್ಟೆಯಿಟ್ಟು, ತೂತಿಗೆ ಮಣ್ಣು ತುಂಬಿ, ತಲೆಯಿಂದ ಗುದ್ದಿ ಗಟ್ಟಿ ಮಾಡಿ ಹಾರಿಹೋಗುತ್ತದೆ.

ಸಂಸಾರದ ಗೂಡಿನ ಬಾಯಿ ಹೀಗಿರುವುದಿಲ್ಲ. ಒಂದು ಒಳಗೆ, ಎರಡು ಹೊರಗೆ, ಬಿಡುವಿಲ್ಲದ ಓಡಾಟ. ಒಂದೆರಡು ಬಾಗಿಲಲ್ಲೇ ಕಾವಲು ಕೂತಿರುತ್ತವೆ. ನಮ್ಮಲ್ಲಿ ನೆಲದ ಪೊಟರೆಯಲ್ಲಿ ಗೂಡು ಕಟ್ಟುವ ಹೆಗ್ಗಣಜ ಸುಲಭವಾಗಿ ಗುರುತಿಗೆ ಸಿಗುತ್ತದೆ: ಕಪ್ಪು ಮೈ, ಹೊಟ್ಟೆಗೆ ಸುತ್ತಿದ ಒಂದೇ ಒಂದು ಅಗಲವಾದ ಹಳದಿ ಪಟ್ಟೆ. ವಿಜ್ಞಾನಿಗಳು ಇದನ್ನು ವೆಸ್ಪಾ ಟ್ರಾಪಿಕಾ ಎನ್ನುತ್ತಾರೆ.

ಇಲ್ಲೊಂದು ಆಕ್ಷೇಪ. ಕಣ್ಣಿಗೆ ಕಂಡದ್ದನ್ನು ನಂಬುವುದು ಹೇಗೆ? ನಮ್ಮ ಹಿರಿಯರೂ ಕಣ್ಣಾರೆ ಕಂಡೇ ಭ್ರಮರ-ಕೀಟ ನ್ಯಾಯ ಹೇಳಿದ್ದಲ್ಲವೇ? ಗೂಡಿನಲ್ಲಿ ಸೆರೆಯಾದ ಹುಳ ಭ್ರಮರವನ್ನೇ ಧ್ಯಾನಿಸಿ ಭ್ರಮರವೇ ಆಗುತ್ತದೆ ಎಂದರು. ಹೌದು, ಅವರು ಕಂಡದ್ದು ಸುಳ್ಳಲ್ಲ. ಒಳಗೆ ಹೋದದ್ದು ಕಂಬಳಿಹುಳ, ಹೊರಗೆ ಬಂದದ್ದು ಕಣಜ. ನಡುವೆ ಕಣಜದ ಮರಿ ಆ ಹುಳವನ್ನು ತಿಂದು ಬೆಳೆದದ್ದು ಕಾಣಲಿಲ್ಲ, ಅಷ್ಟೇ. ತಪ್ಪಿದ್ದು ಅನುಮಾನ, ಪ್ರತ್ಯಕ್ಷವಲ್ಲ. ಅಂಗಳದಲ್ಲೂ ಹಾಗೇ: ಒಂದು ಕಣಜ ಕಂಡದ್ದು ನಿಜ, ಒಳಗೆ ನೂರಿವೆ ಎಂಬುದು ನಾವೇ ಸೇರಿಸಿದ್ದು.

ಒಂಟಿಯಾದರೂ ಕುಟುಕುವುದಿಲ್ಲವೇ? ಹಿಡಿದರೆ, ತುಳಿದರೆ ಕುಟುಕುತ್ತದೆ. ಅಟ್ಟಿಸಿಕೊಂಡು ಬರುವುದಿಲ್ಲ, ಕಾಯಲು ಅದಕ್ಕೆ ರಾಣಿಯಿಲ್ಲ, ಕೂಡುಕುಟುಂಬವಿಲ್ಲ. ವಿಷ ಇರುವುದು ಮಿಡತೆಯನ್ನು ಮರಗಟ್ಟಿಸಲು. ಗಂಡಿಗಂತೂ ಕೊಂಡಿಯೇ ಇಲ್ಲ. ಒಂಟಿಗಳಿಂದ ಉಪಕಾರವೂ ಇದೆ: ಗೊಬ್ಬರದ ಗುಂಡಿಯ ಮೇಲೆ ನೆಲಕ್ಕೆ ಹತ್ತಿರದಲ್ಲೇ ಸುತ್ತುವ ದಪ್ಪ ಕಣಜಗಳು ಮಣ್ಣಿಗಿಳಿದು ಗೊಣ್ಣೆಹುಳುಗಳನ್ನು ಹುಡುಕಿ ಮೊಟ್ಟೆಯಿಡುತ್ತವೆ. ಬೇರುಹುಳದ ಕಾಟ ತಿಂದ ಅಡಿಕೆ ಬೆಳೆಗಾರ ಇವನ್ನು ಓಡಿಸಿದರೆ ತನ್ನ ಪುಕ್ಕಟೆ ಆಳನ್ನೇ ಓಡಿಸಿದಂತೆ. ಅಷ್ಟಾಗಿಯೂ ಅಂಗಳದಲ್ಲಿ ಬೇಡವೆಂದರೆ ವಿಷ ಬೇಕಿಲ್ಲ. ತೂತು ಕೊರೆಯುವ ಒಂಟಿಗಳಿಗೆ ಬೇಕಾದದ್ದು ಒಣಗಿದ, ಸಡಿಲವಾದ, ಬಿಸಿಲು ಬೀಳುವ ಬರಿ ನೆಲ. ಮಳೆಗಾಲ ಮುಗಿದ ಮೇಲೆ ಅಂಗಳ ಕೆತ್ತಿ, ಬಡಿದು, ಸಗಣಿ ಸಾರಿಸುವ ಪದ್ಧತಿ ಅಡಿಕೆ ಒಣಗಿಸುವುದಕ್ಕೆಂದು ಬಂದದ್ದು. ತೂತು ಕೊರೆಯುವ ಜಾಗವೂ ಅದರಿಂದ ತಪ್ಪುತ್ತದೆ. ಸಾರಿಸಲಾಗದ ಅಂಚಿಗೆ ತರಗೆಲೆ ಹೊದಿಸಿದರೆ ಸಾಕು.

ಈಗ ಎದುರು ದಿಕ್ಕಿನ ಪೂರ್ವಪಕ್ಷ, ಪರಿಸರಪ್ರಿಯರದು: ಕಣಜ ರೈತನ ಮಿತ್ರ ಎಂದಾದರೆ ಹೆಗ್ಗಣಜದ ಗೂಡನ್ನೂ ಬಿಡಬೇಕಲ್ಲ? ಈ ವಾದ ನನಗೆ ಪ್ರಿಯ, ಆದರೆ ನಿಲ್ಲುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಅಭ್ಯಾಸ ಮಾಡಿದ ರೊಪಾಲಿಡಿಯಾ ಎಂಬ ಕಾಗದದ ಗೂಡಿನ ಸಣ್ಣ ಕಣಜವಿದೆಯಲ್ಲ, ಅದರ ಮರಿಗಳನ್ನು ದೋಚಿ ತಿನ್ನುವುದೇ ಈ ಹೆಗ್ಗಣಜದ ಮುಖ್ಯ ಕಸುಬು. ಹುಳ ಹಿಡಿಯುವ ಸಣ್ಣದನ್ನೇ ಇದು ತಿನ್ನುವಾಗ, ತೋಟಕ್ಕೆ ಉಪಕಾರಿ ಎಂಬ ಹೇತು ಇದಕ್ಕೆ ಅಂಟುವುದಿಲ್ಲ. ಕಾಡಂಚಿನಲ್ಲಿದ್ದರೆ ಅದರ ಪಾಡಿಗೆ ಅದು ಇರಲಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಇರಬಾರದು.

ಇನ್ನು ಪೆಟ್ರೋಲು. ಗೂಡು ತೂತಿನ ನೇರ ಕೆಳಗೇ ಇರಬೇಕೆಂದಿಲ್ಲ, ಬಿಲ ಸೊಟ್ಟಗೆ ಹೋಗಿರುತ್ತದೆ. ಹೊಯ್ದದ್ದು ದಾರಿಯಲ್ಲೇ ಮಣ್ಣಿಗಿಂಗಿ, ಬಾವಿಯ ದಿಕ್ಕು ಹಿಡಿಯುತ್ತದೆ. ಆವಿ ನೆಲ ಹಿಡಿದು ಹರಡುವುದರಿಂದ ಕಡ್ಡಿ ಗೀರಿದವನ ಕಾಲೇ ಮೊದಲು ಸುಡುತ್ತದೆ. ಬಿಸಿನೀರಿನ ಕಥೆಯನ್ನು ನಾನು ಸ್ವಾನುಭವದಿಂದ ಹೇಳಬಲ್ಲೆ: ಒಂದು ಹಂಡೆ ಕುದಿನೀರು ಗೂಡು ಮುಟ್ಟುವ ಹೊತ್ತಿಗೆ ಉಗುರುಬೆಚ್ಚಗಾಗಿತ್ತು, ನಾನು ಮಾತ್ರ ಮೂರು ದಿನ ಒಂದೇ ಕಣ್ಣಿನಲ್ಲಿ ಪೇಪರು ಓದಿದೆ. ಫೋರೇಟ್ ಹರಳು ಸುರಿಯುವವರೂ ಇದ್ದಾರೆ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದಕ್ಕೆ ನಿಷೇಧವಿದೆ. ಡೈಕ್ಲೋರ್‌ವಾಸ್‌ಗೂ ಅದೇ ಗತಿ. ಹಳೆಯ ಡಬ್ಬಿ ಕೊಟ್ಟಿಗೆಯ ಅಟ್ಟದಲ್ಲಿದ್ದರೆ ಅಲ್ಲೇ ಬಿಡದೆ ಕೃಷಿ ಇಲಾಖೆಯವರನ್ನು ಕೇಳಿ ವಿಲೇವಾರಿ ಮಾಡಿ.

ಹಾಗಾದರೆ ತೂತಿಗೊಂದು ಕಲ್ಲು ಮುಚ್ಚಿದರೆ? ಇದು ಎಲ್ಲಕ್ಕಿಂತ ಅಪಾಯದ ಉಪಾಯ. ಹಾಲೆಂಡಿನ ಟಿಂಬರ್ಗನ್, 1973ರಲ್ಲಿ ನೊಬೆಲ್ ಪಡೆದವನು, ಒಂಟಿ ಕಣಜವೊಂದರ ಬಿಲದ ಸುತ್ತ ಪೈನ್ ಕಾಯಿಗಳ ಉಂಗುರವಿಟ್ಟ. ಕಣಜ ಹೊರಗೆ ಹೋದಾಗ ಉಂಗುರವನ್ನು ಪಕ್ಕಕ್ಕೆ ಸರಿಸಿದ. ವಾಪಸು ಬಂದದ್ದು ಬಿಲ ಬಿಟ್ಟು ಉಂಗುರದ ನಡುವೆ ಹುಡುಕಿತು. ಸುತ್ತಲಿನ ಗುರುತು ನೋಡಿಯೇ ಅವು ಮನೆ ಸೇರುವುದು. ಹಗಲಲ್ಲಿ ಬಾಯಿ ಮುಚ್ಚಿ ಗುರುತು ಕೆಡಿಸಿದರೆ, ಬೇಟೆಯಿಂದ ಬಂದವೆಲ್ಲ ಬಾಗಿಲು ಸಿಗದೆ ನಿಮ್ಮ ಮುಖದ ಎತ್ತರದಲ್ಲೇ ಸುತ್ತುತ್ತವೆ. ಒಳಗಿನವು ಇನ್ನೊಂದು ಕಡೆ ಕೊರೆಯುತ್ತವೆ.

ಮಾಡಬೇಕಾದದ್ದು ಇಷ್ಟು. ಹಗಲು ದೂರದಿಂದಲೇ ಜಾಗ ಗುರುತಿಸಿ, ಮಕ್ಕಳು, ನಾಯಿ, ದನ ಆ ಕಡೆ ಹೋಗದಂತೆ ತಡೆಯಬೇಕು. ಹುಲ್ಲು ಹೊಡೆಯುವ ಮೆಷಿನ್ನನ್ನು ಅಲ್ಲಿ ಚಾಲೂ ಮಾಡಲೇಬಾರದು, ನೆಲದ ಅದುರಿಗೇ ಅವು ಮೇಲೇಳುತ್ತವೆ. ಕೆಲಸ ಕತ್ತಲಾದ ಮೇಲೆ, ಬಲ್ಲವರಿಂದ, ಮೈಪೂರ್ತಿ ಮುಚ್ಚುವ ಉಡುಪಿನಲ್ಲಿ. ಟಾರ್ಚಿಗೆ ಕೆಂಪು ಹಾಳೆ ಸುತ್ತಿ ದೂರದಲ್ಲಿಡಬೇಕು. ಬಿಳಿ ಬೆಳಕಿಗೆ ಹಾರಿ ಬರುವ ಇವಕ್ಕೆ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಪೈರೆಥ್ರಾಯ್ಡ್ ಗುಂಪಿನ ಪುಡಿಯನ್ನು ಬಾಯಿಗೆ ಉದುರಿಸಿ, ತೂತು ಮುಚ್ಚದೆ ಬರಬೇಕು. ಬೆಳಿಗ್ಗೆ ಓಡಾಡುವಾಗ ಕಾಲಿಗಂಟಿದ ಪುಡಿಯನ್ನು ಅವೇ ಒಳಗೆ ಒಯ್ಯುತ್ತವೆ.

ಒಂದು ಕುಟುಕಿಗೆ ಇಷ್ಟು ಗಲಾಟೆ ಯಾಕೆ ಎನ್ನುವವರಿಗೆ: ಜೇನಿನ ಕೊಂಡಿ ಚರ್ಮದಲ್ಲೇ ಮುರಿದು ಉಳಿಯುತ್ತದೆ, ಕಣಜದ್ದು ಮುರಿಯದೆ ಮತ್ತೆ ಮತ್ತೆ ಚುಚ್ಚುತ್ತದೆ. ತುಟಿ ನಾಲಿಗೆ ಊದಿ, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿದರೆ ಸುಣ್ಣ ಹಚ್ಚುತ್ತಾ ಕೂರದೆ 108ಕ್ಕೆ ಫೋನು ಮಾಡಿ; ಆಗ ಬೇಕಾದದ್ದು ಅಡ್ರಿನಾಲಿನ್ ಚುಚ್ಚುಮದ್ದು. ಹತ್ತಾರು ಕುಟುಕು ತಿಂದವರು ಆರಾಮಾಗಿ ಕಂಡರೂ ಆಸ್ಪತ್ರೆಗೆ ಹೋಗಬೇಕು. ಮೂತ್ರ ಕಪ್ಪಾಗಿ, ಮೂತ್ರಪಿಂಡ ಕೆಡುವುದು ಒಂದೆರಡು ದಿನದ ಮೇಲೆ.

ಉಳಿದದ್ದು ಒಂದೇ ಆಕ್ಷೇಪ, ಅದೂ ಪಕ್ಕದ ಮನೆಯವರದೇ: "ಬರುವ ವರ್ಷ ಮತ್ತೆ ಅಲ್ಲೇ ಬಂದ್ರೆ ಎಂತ ಮಾಡ್ತೀರಿ?" ಹಳೆಯ ಗೂಡಿಗೆ ಅವು ಸಾಮಾನ್ಯವಾಗಿ ಮರಳುವುದಿಲ್ಲ, ಆದರೆ ಪೊಟರೆ ಪೊಟರೆಯೇ. ಓಡಾಟ ಪೂರ್ತಿ ನಿಂತು ನಾಲ್ಕು ದಿನವಾದ ಮೇಲೆ ಅಗೆದು, ಜಲ್ಲಿ ಮಣ್ಣು ತುಂಬಿ ಬಡಿದುಬಿಟ್ಟೆವು. ಗುದ್ದಲಿ ಅವರದೇ.