ಇಚ್ಛಾಪರಿಮಾಣವೂ ನಗರದ ದಾಹವೂ

ಗೃಹಸ್ಥನಾದ ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಗಳು ಸರ್ವಪರಿಗ್ರಹವನ್ನೂ ತ್ಯಜಿಸುತ್ತಾರೆ. ಗೃಹಸ್ಥನು ಅಷ್ಟನ್ನು ಮಾಡಲಾರನು. ಆದುದರಿಂದ ಹೊಲ, ಮನೆ, ಹೊನ್ನು, ಧನ, ಧಾನ್ಯಗಳಲ್ಲಿ ತನಗೆ ಇಷ್ಟು ಸಾಕೆಂದು ತಾನೇ ನಿಶ್ಚಯಿಸಿ, ಅದಕ್ಕೆ ಮೀರಿದುದರಲ್ಲಿ ನಿಃಸ್ಪೃಹನಾಗಿರುವುದು ಅವನ ವ್ರತ. ಸಮಂತಭದ್ರಾಚಾರ್ಯರು ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಹೇಳಿದ್ದಾರೆ. ಅಂದರೆ ಅಳೆಯಬೇಕಾದುದು ವಸ್ತುವನ್ನಷ್ಟೇ ಅಲ್ಲ, ಇಚ್ಛೆಯನ್ನು.

ಒಬ್ಬ ಗೃಹಸ್ಥನಿಗೆ ಸಲ್ಲುವ ಈ ಧರ್ಮವು ಒಂದು ನಗರಕ್ಕೆ, ಒಂದು ದೇಶಕ್ಕೆ ಸಲ್ಲದೆ? ಇಂದಿನ ಅರ್ಥನೀತಿಯು ಸಮಾಜದ ಕ್ಷೇಮವನ್ನು ಒಟ್ಟು ಉತ್ಪನ್ನದ ಏರಿಕೆಯಿಂದ ಅಳೆಯುತ್ತದೆ. ಈ ವರ್ಷದ ಉತ್ಪನ್ನವು ಕಳೆದ ವರ್ಷದ್ದನ್ನು ಮೀರಬೇಕು. ಮುಂದಿನ ವರ್ಷದ್ದು ಇದನ್ನೂ ಮೀರಬೇಕು. ಎಷ್ಟಾದರೆ ಸಾಕೆಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಸ್ಥಳವಿಲ್ಲ.

ಪರಿಗ್ರಹದ ದೋಷಕ್ಕೆ ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸಿರುವ ಉದಾಹರಣೆ ಶ್ಮಶ್ರುನವನೀತನದು. ಧನವನ್ನು ಕಳೆದುಕೊಂಡ ವರ್ತಕನೊಬ್ಬನು ಗೊಲ್ಲನ ಮನೆಯಲ್ಲಿ ಮಜ್ಜಿಗೆ ಕುಡಿದನು. ಮೀಸೆಗೆ ಅಂಟಿದ ಬೆಣ್ಣೆಯನ್ನು ಕಂಡು, ದಿನದಿನವೂ ಅದನ್ನು ಕೂಡಿಟ್ಟು ತುಪ್ಪದ ಗಡಿಗೆಯೊಂದನ್ನು ತುಂಬಿಸಿದನು. ಚಳಿಗಾಲದ ಒಂದು ರಾತ್ರಿ ಗುಡಿಸಲಿನಲ್ಲಿ ಬೆಂಕಿಯ ಬಳಿ ಮಲಗಿ ಚಿಂತಿಸತೊಡಗಿದನು: ಈ ತುಪ್ಪದಿಂದ ವ್ಯಾಪಾರ, ವ್ಯಾಪಾರದಿಂದ ಸಿರಿ, ಸಿರಿಯಿಂದ ಸಾಮಂತಪದವಿ, ಬಳಿಕ ಚಕ್ರವರ್ತಿತ್ವ. ರಾಣಿಯು ಕಾಲೊತ್ತುತ್ತಿರುವಳೆಂಬ ಭ್ರಮೆಯಲ್ಲಿ ಕಾಲು ಝಾಡಿಸಲು, ಗಡಿಗೆ ಒಡೆದು ತುಪ್ಪವು ಬೆಂಕಿಗೆ ಬಿದ್ದಿತು. ಗುಡಿಸಲೊಡನೆ ಅವನೂ ಸುಟ್ಟುಹೋದನು. ತುಪ್ಪವನ್ನು ಕೂಡಿಟ್ಟದ್ದರಿಂದ ಅವನು ಕೆಡಲಿಲ್ಲ. ಯಾವ ಮೆಟ್ಟಿಲಿನಲ್ಲಿಯೂ ನಿಲ್ಲಲರಿಯದ ಇಚ್ಛೆಯಿಂದ ಕೆಟ್ಟನು.

ಈ ಕಥೆಯ ಅರ್ಥವನ್ನು ತಿಳಿಯಲು ಬೆಂಗಳೂರಿನ ಶೇಷಾದ್ರಿಪುರದ ಮನೆಯೊಂದರ ನಲ್ಲಿಯನ್ನು ನೋಡಿದರೆ ಸಾಕು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ಈ ಬಡಾವಣೆಯ ಸಮೀಪದಲ್ಲಿ ಧರ್ಮಾಂಬುಧಿ ಕೆರೆಯಿದ್ದಿತು. ಇಂದು ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಊರ ಕೆರೆಗಳು ಸಾಲದಾದಾಗ, ಆ ದಿವಾನರ ಕಾಲದಲ್ಲಿಯೇ, 1890ರ ದಶಕದಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಬಂದಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದ ನೀರು ಬಂದಿತು. ಅದೂ ಸಾಲದೆ 1974ರಲ್ಲಿ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆತ್ತಿ ತರಲಾಯಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವು ದಿನಕ್ಕೆ 77.5 ಕೋಟಿ ಲೀಟರಿನದು. ಪ್ರತಿಸಲವೂ ನೀರು ಹೆಚ್ಚಿತು. ನಗರದ ಬಯಕೆ ಅದಕ್ಕಿಂತ ಮುಂದೆ ಓಡಿತು.

ಅದೇ 2024ರ ಬೇಸಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿಯು ಸಾರಬೇಕಾಯಿತು. ದಂಡದ ಭಯದಿಂದ ಬಂದ ಮಿತಿಯು ಅವಶ್ಯವಾದರೂ ಅದು ವ್ರತವಲ್ಲ. ಅನ್ನವಿಲ್ಲದವನ ಹಸಿವು ಹೇಗೆ ಉಪವಾಸವಲ್ಲವೋ, ಹಾಗೆಯೇ ನೀರು ಬತ್ತಿದ ಮೇಲೆ ಬಂದ ಮಿತವ್ಯಯವು ಸಂಯಮವಲ್ಲ. ಇರುವಾಗಲೇ ಅಳತೆಯನ್ನು ಕಟ್ಟಿಕೊಳ್ಳುವುದು ಸಂಯಮ.

ಈ ವ್ರತದ ಐದು ಅತಿಚಾರಗಳಲ್ಲಿ ಅತಿವಾಹನ ಮತ್ತು ಅತಿಭಾರವಹನಗಳೆಂಬ ಎರಡನ್ನು ಆಚಾರ್ಯರು ಎಣಿಸಿದ್ದಾರೆ. ಎತ್ತನ್ನು ಶಕ್ತಿಮೀರಿ ನಡೆಸುವುದು, ಅದರ ಮೇಲೆ ಶಕ್ತಿಮೀರಿ ಹೇರುವುದು ದೋಷ. ಎತ್ತಿಗೆ ಸಲ್ಲುವ ಈ ಕರುಣೆ ನದಿಗೂ ನೆಲಕ್ಕೂ ಸಲ್ಲಬೇಕು. ಹಿಂದಿನ ಶ್ರಾವಿಕೆಯು ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿಸುತ್ತಿದ್ದಳು. ನೀರು ಎಲ್ಲಿಯದು, ಯಾರದು ಎಂಬ ಅರಿವು ಆ ಕ್ರಿಯೆಯಲ್ಲಿದ್ದಿತು. ನೂರು ಕಿಲೋಮೀಟರಿನಾಚೆಯ ನೀರನ್ನು ತಿರುಗಿಸುವ ಕೈಗೆ ಆ ಅರಿವು ಸುಲಭವಾಗಿ ದೊರೆಯದು.

ಬೆಳವಣಿಗೆಯು ನಿಂತರೆ ಬಡವರ ಗತಿಯೇನೆಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದು. ಹಸಿದವನಿಗೆ ಉಪವಾಸದ ಉಪದೇಶ ಸಲ್ಲದು. ಸೂರಿಲ್ಲದವನಿಗೆ ಸೂರು, ಕೊಡ ಹಿಡಿದು ಟ್ಯಾಂಕರಿಗಾಗಿ ಕಾಯುವವಳಿಗೆ ನೀರು ಹೆಚ್ಚಲೇಬೇಕು. ಪರಿಮಾಣವು ಮೊದಲು ಕಟ್ಟುವುದು ಉಳ್ಳವನನ್ನು. ನ್ಯಾಯಾರ್ಜಿತ ಸಂಪಾದನೆಯನ್ನು ವ್ರತವು ನಿಷೇಧಿಸದು. ಅಳತೆಗೆ ಮೀರಿದುದನ್ನು ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳತ್ತ ಹರಿಸುತ್ತದೆ. ಸಾಲದ ಮೇಲೆ ನಿಂತ ಉದ್ಯಮವು ಥಟ್ಟನೆ ಕುಗ್ಗಿದರೆ ಕೂಲಿಕಾರನೇ ಮೊದಲು ನೋಯುವನೆಂಬುದೂ ಸತ್ಯ. ಆದುದರಿಂದಲೇ ಶ್ರಾವಕನಿಗೆ ಹನ್ನೊಂದು ಪ್ರತಿಮೆಗಳ ಕ್ರಮವಿದೆ. ಒಂದೇ ದಿನದಲ್ಲಿ ಮುನಿಯಾಗೆಂದು ಯಾರೂ ಅವನಿಗೆ ಹೇಳಲಿಲ್ಲ. ಸಮಾಜವೂ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಆದರೆ ಏರುವ ದಿಕ್ಕು ಯಾವುದೆಂದು ಮೊದಲು ನಿಶ್ಚಯವಾಗಬೇಕು.

ಧರ್ಮಬಂಧುಗಳು ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಶ್ರದ್ಧೆಯಿಂದ ಉಪವಾಸ ಮಾಡುತ್ತಾರೆ. ಒಂಬತ್ತನೆಯ ದಿನವಾದ ಉತ್ತಮ ಆಕಿಂಚನ್ಯದಂದು ಮನೆಯವರೆಲ್ಲರೂ ಕುಳಿತು ಒಂದು ಪುಸ್ತಕದಲ್ಲಿ ಬರೆದಿಡಲಿ: ಮನೆ ಎಷ್ಟು, ಬಂಗಾರ ಎಷ್ಟು, ವಾಹನ ಎಷ್ಟು, ದಿನಕ್ಕೆ ನೀರು ಎಷ್ಟು. ಯಾವಜ್ಜೀವದ ಯಮವು ಕಠಿನವೆನಿಸಿದರೆ ಒಂದು ವರ್ಷದ ನಿಯಮವಾಗಲಿ. ಮರುವರ್ಷ ಅದೇ ಪುಟವನ್ನು ತೆರೆದಾಗ ಆ ಅಂಕೆಗಳು ಹೆಚ್ಚದಿದ್ದರೆ, ಆ ಮನೆಯಲ್ಲಿ ನಿಜವಾಗಿ ಬೆಳೆದುದು ಧರ್ಮ.