ಬಾಡಿಗೆಯ ಕೋಣೆ, ನೆರೆಯವನ ನಿದ್ರೆ

ಹಣ ಕೊಟ್ಟು ತಂಗಿದವನು ಅತಿಥಿಯೋ ಅಲ್ಲವೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕ್ಷುಲ್ಲಕವಾಗಿ ತೋರಬಹುದು. ಅಗ್ಗದ ವಸತಿಗೃಹದ ಗದ್ದಲದಲ್ಲಿ ಇರುಳೆಲ್ಲ ಹೊರಳಾಡಿದವನಿಗೆ ಮಾತ್ರ ಅದು ಕ್ಷುಲ್ಲಕವಲ್ಲ. ಒಂದೇ ಇರುಳು ತಂಗುವವನು ಅತಿಥಿಯೆಂದೂ, ಅವನ ಇರವು ನಿತ್ಯವಲ್ಲವಾದುದರಿಂದಲೇ ಆ ಹೆಸರು ಬಂದಿತೆಂದೂ ಮನುಸ್ಮೃತಿಯು ನಿರ್ವಚನ ಹೇಳುತ್ತದೆ. ಅಲ್ಲಿಯ ವಚನವು ಬ್ರಾಹ್ಮಣನನ್ನು ಮಾತ್ರ ಕುರಿತದ್ದೆಂಬುದು ನಿಜ. ಆ ಸಂಕೋಚವನ್ನು ಬಿಟ್ಟು ಲಕ್ಷಣವನ್ನಷ್ಟೇ ಹಿಡಿದರೆ ಲಾಡ್ಜಿನ ಗಿರಾಕಿಯೂ ಅತಿಥಿಯೇ ಆಗುವನು.

ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟವನ್ನು ಇಳಿಯುವುದಕ್ಕೆ ಮೊದಲೇ ಇಡಗುಂದಿ ಸಿಕ್ಕುತ್ತದೆ. ಈ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಬಂದವನಿಗೆ ಮೊದಲು ಕಾಲಿಗೆ ನೀರು, ಆಮೇಲೆ ಆಸರಿ, ಬಳಿಕ ಕವಳದ ತಟ್ಟೆ. ಹೊತ್ತು ಮುಳುಗಿದರೆ ಜಗುಲಿಯಲ್ಲಿ ಚಾಪೆ, ಕಂಬಳಿ. ಬಂದವನು ಮಲಗಿದನೆಂದರೆ ಒಳಗಿನವರು ದನಿ ತಗ್ಗಿಸುವರು. ಮಕ್ಕಳ ಓದೂ ಪಿಸುಮಾತಿಗೆ ಇಳಿಯುವುದು. ಇದನ್ನು ಹೊಗಳುವವರು ಇನ್ನೊಂದನ್ನೂ ನೆನೆಯತಕ್ಕದ್ದು. ಹಳೆಯ ಕಾಲದ ಜಗುಲಿಯ ಮೆಟ್ಟಿಲು ಎಲ್ಲರ ಕಾಲಿಗೂ ಸಮನಾಗಿರಲಿಲ್ಲ. ಯಾವ ಊರು, ಯಾರ ಮಗ ಎಂಬ ಪ್ರಶ್ನೆಗಳ ಹಿಂದೆ ಯಾವ ಜಾತಿಯೆಂಬ ಪ್ರಶ್ನೆಯೂ ನಿಂತಿರುತ್ತಿತ್ತು. ಉತ್ತರವು ಒಗ್ಗದಿದ್ದರೆ ಅಂಗಳವೇ ಗತಿ. ಬಾಡಿಗೆಯ ಕೋಣೆಗಾದರೋ ಪುಸ್ತಕದಲ್ಲಿ ಹೆಸರು ವಿಳಾಸಗಳನ್ನು ಬರೆದು ಹಣ ತೆತ್ತರೆ ಆಯಿತು. ಹಣವು ತೆರೆದ ಈ ಬಾಗಿಲನ್ನು ಹೀನವೆನ್ನುವುದು ಸುಲಭ, ನ್ಯಾಯವಲ್ಲ.

2021ರ ಜುಲೈ ತಿಂಗಳಿನ ಮಹಾಮಳೆಯಲ್ಲಿ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಸಂಚಾರ ನಿಂತುಹೋಯಿತು. ಅಂಥದೊಂದು ದಿನ ಹುಬ್ಬಳ್ಳಿಯಿಂದ ಅಂಕೋಲೆಗೆ ಹೊರಟ ಕುಟುಂಬವೊಂದನ್ನು ವಾಚಕರು ಊಹಿಸಿಕೊಳ್ಳಲಿ. ಬಸ್ಸು ಇಡಗುಂದಿಯವರೆಗೆ ಬಂದು, ಮುಂದೆ ದಾರಿಯಿಲ್ಲವೆಂದು ಕೇಳಿ, ಯಲ್ಲಾಪುರಕ್ಕೆ ಹಿಂದಿರುಗಿತು. ಒದ್ದೆ ಬಟ್ಟೆ, ಹಸಿದ ಮಕ್ಕಳು, ಪೇಟೆಯಲ್ಲಿ ಕಡಿಮೆ ದರಕ್ಕೆ ದೊರೆತ, ಮಹಡಿಯ ಮೆಟ್ಟಿಲಿಗೆ ತಾಗಿದ ಕೋಣೆ. ಮೇಲೆ ತಗಡಿನ ಮೇಲೆ ಮಳೆ, ಕೆಳಗೆ ತಡೆದು ನಿಂತ ಲಾರಿಗಳ ಗುಡುಗು, ಹಿಂದೆ ಅಡಿಗೆಮನೆಯ ಪಾತ್ರೆಗಳ ಸದ್ದು. ಪಕ್ಕದ ಕೋಣೆಯಲ್ಲಿ ನಡುರಾತ್ರಿಯವರೆಗೆ ಟೀವಿ. ಒಮ್ಮೆ ಯಾರೋ ಬಾಗಿಲು ತಪ್ಪಿ ಇವರದನ್ನೇ ಬಡಿದರು.

ಇಲ್ಲಿ ಪೂರ್ವಪಕ್ಷ ಹೀಗೆ: ಕಡಿಮೆ ಹಣ ಕೊಟ್ಟವನು ಕಡಿಮೆ ಸುಖವನ್ನೇ ಕೊಂಡನು; ದೂರುವುದಕ್ಕೆ ಅವನಿಗೆ ಅಧಿಕಾರವಿಲ್ಲ. ಈ ವಾದದಲ್ಲಿ ಅರ್ಧ ಸತ್ಯವುಂಟು. ಹಾಸಿಗೆ ತೆಳುವಾಗಿರಬಹುದು, ಬಿಸಿನೀರು ಇಲ್ಲದಿರಬಹುದು, ಗೋಡೆಯ ಸುಣ್ಣ ಉದುರುತ್ತಿರಬಹುದು. ಇವೆಲ್ಲ ದರದೊಡನೆ ಏರಿಳಿಯತಕ್ಕವು. ನಿದ್ರೆಯು ಈ ಪಟ್ಟಿಗೆ ಸೇರದು. ರಾತ್ರಿ ತಂಗುವುದಕ್ಕೆಂದು ಕೋಣೆ ಕೊಟ್ಟವನು ನಿದ್ರೆಗೆ ಎಡೆಯಿಲ್ಲದಂತೆ ಮಾಡಿದರೆ, ತೂತುಬಿದ್ದ ಕೊಡವನ್ನು ಕೊಡವೆಂದೇ ಮಾರಿದ ಹಾಗಾಯಿತು. ಬ್ರಿಟಿಷರ ಕಾಲದಲ್ಲಿ, 1867ರಲ್ಲಿ, ಬಂದ ಸರಾಯಿಗಳ ಕಾನೂನು ಕೋಣೆ, ಚರಂಡಿ, ಬಾವಿಗಳ ಶುಚಿ, ಕಾವಲುಗಾರ, ದರಪಟ್ಟಿ ಇವನ್ನೆಲ್ಲ ಒಂದೊಂದಾಗಿ ಎಣಿಸಿತು. ತಂಗಿದವನ ನಿದ್ರೆಯ ಮಾತನ್ನು ಎತ್ತಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ವಸತಿಯ ಪ್ರದೇಶಕ್ಕೆ 45 ಡೆಸಿಬೆಲ್, ವ್ಯಾಪಾರದ ಪ್ರದೇಶಕ್ಕೆ 55 ಎಂದು ಮಿತಿ ಇಟ್ಟವು. ಪೇಟೆಯ ನಡುವಿನ ಲಾಡ್ಜಿನಲ್ಲಿ ಮಲಗಿದವನ ಕಿವಿಯನ್ನು ಹೀಗೆ ಅಂಗಡಿಯ ಅಳತೆಯಿಂದಲೇ ಅಳೆಯಬೇಕಾಗುವುದೊಂದು ವಿನೋದ.

ಆದರೆ ಸದ್ದೆಲ್ಲವೂ ಒಂದೇ ಜಾತಿಯದಲ್ಲ. ತುಂಬಿದ ಲಾರಿಯು ಘಟ್ಟ ಏರುವಾಗ ನರಳುವುದು ಅದರ ಹೊರೆಯಿಂದ. ಬಳ್ಳಾರಿ ಸೀಮೆಯ ಅದಿರನ್ನು ಬೇಲೇಕೇರಿ ಬಂದರಿಗೆ ಹೊತ್ತ ಲಾರಿಗಳು, 2010ರಲ್ಲಿ ಸರಕಾರವು ಅದಿರಿನ ರಫ್ತನ್ನು ತಡೆಯುವ ತನಕ, ಈ ದಾರಿಯ ಊರುಗಳ ರಾತ್ರಿಗಳನ್ನು ವರ್ಷಗಟ್ಟಲೆ ಕೆಡಿಸಿದವು. ಆ ದೋಷವನ್ನು ಬಡ ಚಾಲಕನ ತಲೆಗೆ ಕಟ್ಟುವಂತಿಲ್ಲ. ಪಕ್ಕದ ಕೋಣೆಯ ಟೀವಿಗೆ ಯಾವ ಹೊರೆಯಿದೆ? ಅದನ್ನು ತಗ್ಗಿಸಲು ಒಂದು ಬೆರಳು ಸಾಕು. ಅಲ್ಲಿ ಕುಳಿತವನೂ ಅದೇ ಮಳೆಗೆ ಸಿಕ್ಕಿದವನು, ಅದೇ ದರ ತೆತ್ತವನು. ಹಣವನ್ನು ಪಡೆದುಕೊಂಡ ಯಜಮಾನನು ಆತಿಥ್ಯದ ಋಣದಿಂದ ಒಂದಿಷ್ಟು ಬಿಡುಗಡೆ ಹೊಂದಿದನೆಂದೇ ಒಪ್ಪೋಣ. ಗೋಡೆಯ ಆಚೆ ಈಚೆ ಮಲಗಿದವರು ಒಬ್ಬರಿಗೊಬ್ಬರು ಏನನ್ನೂ ಕೊಟ್ಟಿಲ್ಲ, ಕೊಂಡಿಲ್ಲ. ಅವರೊಳಗಿನ ಋಣವನ್ನು ಯಾವ ರಸೀದಿ ತೀರಿಸೀತು? ಜಗುಲಿಯ ಮನೆಯಲ್ಲಿ ದನಿ ತಗ್ಗಿಸುವ ಹೊಣೆ ಮನೆಯವರದಾಗಿತ್ತು. ಮನೆಯವರೇ ಇಲ್ಲದ ಈ ಮನೆಯಲ್ಲಿ ಅದು ತಂಗಿದವರೆಲ್ಲರ ಮೇಲೆ ಬಿದ್ದಿದೆ. ಎಲ್ಲರೂ ಅದನ್ನು ಯಜಮಾನನ ಕಡೆಗೆ ತಳ್ಳುತ್ತಾರೆ.

ಪಾತ್ರೆಗಳ ಸದ್ದು ಯಾವ ಬಗೆಯದು? ಕೊನೆಯ ಗಿರಾಕಿ ಉಂಡೆದ್ದ ಬಳಿಕವಲ್ಲವೆ ಅವನ್ನು ತೊಳೆಯಬೇಕಾದದ್ದು? ಹಸಿದ ಮಕ್ಕಳಿಗೆ ಹೊತ್ತು ಮೀರಿ ಅನ್ನ ಬೇಯಿಸಿಕೊಟ್ಟ ಪಾತ್ರೆಗಳೂ ಅದರಲ್ಲಿದ್ದವು. ತೊಳೆಯುವ ಆಳಿಗೆ ಈ ಗದ್ದಲ ಒಂದು ರಾತ್ರಿಯದಲ್ಲ. ಕೆಲಸ ತೀರಿಸಿ ಅವನು ಗಲ್ಲೆಯ ಹಿಂದೆ ಗೋಣಿ ಹಾಸಿ ಮಲಗುತ್ತಾನೆ. ಬೆಳಗಿನ ಚಹಾಕ್ಕೆ ಎಲ್ಲರಿಗಿಂತ ಮೊದಲು ಒಲೆ ಹೊತ್ತಿಸುವವನೂ ಅವನೇ. ನಿದ್ರೆಗೆಟ್ಟ ಗಿರಾಕಿಯು ಟೀವಿಯ ಮೇಲಿನ ದೂರನ್ನು ಹೊತ್ತು ಮೆಟ್ಟಿಲಿಳಿದು ಗಲ್ಲೆಯ ಹಲಗೆಯನ್ನು ಬಡಿದಾಗ, ಮೊದಲು ಬೆಚ್ಚಿ ಏಳುವವನು ಆ ಆಳು.